ಎದುರಾಳಿಯನ್ನು ಆರಿಸುವ ಹಕ್ಕು: ಮಹಿಳಾ ಐಸ್ ಹಾಕಿ ಲೀಗಿನ ಪ್ಲೇಆಫ್, ಮಂಗಳೂರಿನಿಂದ ಕಂಡಂತೆ

ಉತ್ತರ ಅಮೆರಿಕದ ವೃತ್ತಿಪರ ಮಹಿಳಾ ಐಸ್ ಹಾಕಿ ಲೀಗ್ (ಪಿಡಬ್ಲ್ಯುಎಚ್‌ಎಲ್) 2024ರ ಜನವರಿ 1ರಂದು ಆರು ತಂಡಗಳೊಂದಿಗೆ ಆರಂಭವಾಯಿತು. ಅದರ ಪಂದ್ಯಗಳನ್ನು ನಾನು ಮಂಗಳೂರಿನಲ್ಲಿ ಕುಳಿತು ಯೂಟ್ಯೂಬ್‌ನಲ್ಲಿ ಹಣ ತೆರದೆ ನೋಡಿದ್ದೇನೆ. ಪ್ರಸಾರದ ಗುಣಮಟ್ಟದ ಕುರಿತು ಮುಂದೆ ಬರೆಯುತ್ತೇನೆ. ಆದರೆ ಈ ವಿಮರ್ಶೆಗೆ ಮುಖ್ಯ ಕಾರಣ ಪ್ರಸಾರವಲ್ಲ, ಲೀಗ್ ರೂಪಿಸಿದ ಪ್ಲೇಆಫ್ ನಿಯಮ. ಅಂಕಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ತಂಡವು ಸೆಮಿಫೈನಲ್‌ನಲ್ಲಿ ಮೂರನೆಯ ಮತ್ತು ನಾಲ್ಕನೆಯ ಸ್ಥಾನದ ತಂಡಗಳ ಪೈಕಿ ತನಗೆ ಬೇಕಾದುದನ್ನು ಎದುರಾಳಿಯಾಗಿ ತಾನೇ ಆರಿಸಿಕೊಳ್ಳುತ್ತದೆ. ಉಳಿದ ತಂಡ ಎರಡನೆಯ ಸ್ಥಾನದವರ ಪಾಲಿಗೆ ಬರುತ್ತದೆ.

ನೋಡುಗರಿಗೆ ಇದಕ್ಕಿಂತ ರುಚಿಕರವಾದ ನಿಯಮ ಸಿಗುವುದು ಕಷ್ಟ. ಸರಣಿ ಆರಂಭವಾಗುವ ಮೊದಲೇ ಒಂದು ತಂಡ ಇನ್ನೊಂದಕ್ಕೆ ಬಹಿರಂಗವಾಗಿ ‘ನಿಮ್ಮನ್ನು ಸೋಲಿಸುವುದು ಸುಲಭ’ ಎಂದು ಹೇಳಿದಂತಾಗುತ್ತದೆ. ಆಯ್ಕೆಯಾದ ತಂಡ ಆ ಮಾತನ್ನು ಮರೆಯುವುದಿಲ್ಲ. 2024ರಲ್ಲಿ ಅಗ್ರಸ್ಥಾನಿ ಟೊರಾಂಟೊ, ಲೀಗ್ ಹಂತದ ಕೊನೆಯ ಪಂದ್ಯಗಳನ್ನು ಸಾಲಾಗಿ ಸೋತು ನಾಲ್ಕನೆಯ ಸ್ಥಾನಕ್ಕೆ ಹೇಗೋ ತಲುಪಿದ್ದ ಮಿನ್ನೆಸೊಟಾವನ್ನು ಆರಿಸಿಕೊಂಡಿತು. ಐದು ಪಂದ್ಯಗಳ ಸರಣಿಯ ಮೊದಲ ಎರಡನ್ನು ಟೊರಾಂಟೊ ಗೆದ್ದಾಗ ಆ ಲೆಕ್ಕಾಚಾರ ಸರಿಯೆಂದೇ ತೋರಿತು. ಮೂರನೆಯ ಪಂದ್ಯದಲ್ಲಿ ಆ ಋತುವಿನ ಅತಿಹೆಚ್ಚು ಗೋಲುಗಳ ಒಡತಿ, ಟೊರಾಂಟೊದ ನಟಾಲಿ ಸ್ಪೂನರ್ ಗಾಯಗೊಂಡರು. ಮಿನ್ನೆಸೊಟಾ ಸತತ ಮೂರು ಪಂದ್ಯಗಳನ್ನು ಗೆದ್ದು ಫೈನಲ್‌ಗೇರಿತು, ಬೋಸ್ಟನ್ ತಂಡವನ್ನು ಸೋಲಿಸಿ ಲೀಗಿನ ಪ್ರಶಸ್ತಿಯಾದ ವಾಲ್ಟರ್ ಕಪ್ಪನ್ನೂ ಎತ್ತಿತು. ಮರುವರ್ಷ ಅಗ್ರಸ್ಥಾನದಲ್ಲಿದ್ದ ಮಾಂಟ್ರಿಯಲ್, ಹಾಲಿ ಚಾಂಪಿಯನ್ನರನ್ನು ಬಿಟ್ಟು ಒಟ್ಟಾವಾವನ್ನು ಆರಿಸಿ 1-3ರಿಂದ ಸೋತಿತು. ಆ ಸರಣಿಯಲ್ಲಿ ಮಾಂಟ್ರಿಯಲ್ ಗೆದ್ದ ಏಕೈಕ ಪಂದ್ಯವು ನಾಲ್ಕನೆಯ ಹೆಚ್ಚುವರಿ ಅವಧಿಯವರೆಗೆ ಸಾಗಿತ್ತು. ಕಪ್ ಮತ್ತೆ ಮಿನ್ನೆಸೊಟಾ ಪಾಲಾಯಿತು.

ಇವೆರಡು ಫಲಿತಾಂಶಗಳನ್ನು ನೋಡಿ ನಿಯಮವೇ ಸೋತಿತೆಂದು ಹೇಳುವುದು ಅವಸರದ ತೀರ್ಪು. ಅಲ್ಲಿನ ಪುರುಷರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಇಂಥ ಆಯ್ಕೆಯ ಹಕ್ಕಿಲ್ಲ. ಆದರೂ 2019ರಲ್ಲಿ 62 ಪಂದ್ಯಗಳನ್ನು ಗೆದ್ದಿದ್ದ ಟ್ಯಾಂಪಾ ಬೇ ತಂಡ ಮೊದಲ ಸುತ್ತಿನಲ್ಲೇ ಕೊಲಂಬಸ್ ಎದುರು 0-4ರಿಂದ ಸೋತಿತು. 2023ರಲ್ಲಿ 65 ಗೆಲುವು, 135 ಅಂಕಗಳ ದಾಖಲೆ ಬರೆದ ಬೋಸ್ಟನ್ 3-1ರ ಮುನ್ನಡೆಯಲ್ಲಿದ್ದೂ ಫ್ಲೋರಿಡಾಕ್ಕೆ ಶರಣಾಯಿತು. ಗೋಲುಗಳು ವಿರಳವಾದ, ಒಬ್ಬ ಗೋಲ್‌ಕೀಪರ್ ಇಡೀ ಸರಣಿಯನ್ನೇ ತಿರುಗಿಸಬಲ್ಲ ಈ ಆಟದಲ್ಲಿ ಅಗ್ರಸ್ಥಾನಕ್ಕೆ ಸಿಗುವ ಲಾಭ ಸಹಜವಾಗಿಯೇ ತೆಳುವಾದದ್ದು. ತವರಿನಲ್ಲಿ ಒಂದು ಪಂದ್ಯ ಹೆಚ್ಚು ಆಡುವುದು, ತವರು ತಂಡದ ಕೋಚ್‌ಗೆ ಆಟ ಪುನರಾರಂಭವಾಗುವ ಮುನ್ನ ಕೊನೆಯದಾಗಿ ಆಟಗಾರರನ್ನು ಬದಲಿಸುವ ಅವಕಾಶ ಸಿಗುವುದು, ಇಷ್ಟೇ ಆ ಲಾಭ.

ನನ್ನ ಆಕ್ಷೇಪವಿರುವುದು ಇಲ್ಲಿಯೇ. ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ಶೇ 55ರಷ್ಟಿರುವ ಒಂದು ತಂಡವನ್ನು ಊಹಿಸಿ ಲೆಕ್ಕ ಹಾಕಿದರೆ, ಐದು ಪಂದ್ಯಗಳ ಸರಣಿಯನ್ನು ಅದು ಗೆಲ್ಲುವ ಸಾಧ್ಯತೆ ಸುಮಾರು ಶೇ 59. ಸರಣಿಯನ್ನು ಏಳಕ್ಕೆ ಹಿಗ್ಗಿಸಿದರೂ ಶೇ 61ರ ಆಸುಪಾಸು ಮಾತ್ರ. ಅಂದರೆ ಸರಣಿಯನ್ನು ಉದ್ದ ಮಾಡುವುದರಿಂದ ಅಗ್ರಸ್ಥಾನಿಗೆ ಸಿಗುವುದು ಅತ್ಯಲ್ಪ. ಜಪಾನಿನ ವೃತ್ತಿಪರ ಬೇಸ್‌ಬಾಲ್‌ನ ಕ್ಲೈಮ್ಯಾಕ್ಸ್ ಸರಣಿ ಎಂಬ ಪ್ಲೇಆಫ್‌ನ ಅಂತಿಮ ಹಂತದಲ್ಲಿ ಲೀಗ್ ಗೆದ್ದ ತಂಡ ಒಂದು ಗೆಲುವಿನ ಮುನ್ನಡೆಯೊಂದಿಗೇ ಕಣಕ್ಕಿಳಿಯುತ್ತದೆ, ಪಂದ್ಯಗಳೆಲ್ಲವೂ ಅದರ ತವರಿನಲ್ಲೇ ನಡೆಯುತ್ತವೆ. ನಾವು ಊಹಿಸಿದ ಶೇ 55ರ ತಂಡಕ್ಕೆ ಏಳರ ಸರಣಿಯಲ್ಲಿ ಆ ಒಂದು ಗೆಲುವನ್ನು ಮೊದಲೇ ಕೊಟ್ಟರೆ ಸಾಧ್ಯತೆ ಶೇ 74ಕ್ಕೆ ಏರುತ್ತದೆ. ತಿಂಗಳುಗಟ್ಟಲೆ ಬೆವರು ಸುರಿಸಿ ಪಡೆದ ಸ್ಥಾನಕ್ಕೆ ಬೆಲೆಯೆಂದರೆ ಇದು. ಐಪಿಎಲ್‌ನಲ್ಲಿ 2011ರಿಂದ ಮೊದಲೆರಡು ಸ್ಥಾನದವರಿಗೆ ಫೈನಲ್ ತಲುಪಲು ಎರಡು ಅವಕಾಶ ಕೊಡುತ್ತಿರುವುದೂ ಇದೇ ನ್ಯಾಯದ ಇನ್ನೊಂದು ರೂಪ. ಮಹಿಳಾ ಹಾಕಿ ಲೀಗ್ ಆಯ್ಕೆಯ ಹಕ್ಕನ್ನು ಉಳಿಸಿಕೊಳ್ಳಲಿ, ಅದು ನಿಜಕ್ಕೂ ಸೊಗಸಾದ ನಿಯಮ. ಆದರೆ ಅದನ್ನೇ ಅಗ್ರಸ್ಥಾನಿಗೆ ಕೊಟ್ಟ ದೊಡ್ಡ ಬಹುಮಾನವೆಂದು ಭಾವಿಸಬಾರದು. ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳ ನಡುವೆ ಅಂತರವೇ ಇಲ್ಲದಿರುವಾಗ ಆಯ್ಕೆಯಿಂದ ಬರುವ ಲಾಭವೂ ಅಷ್ಟಕ್ಕಷ್ಟೆ.

ಇನ್ನು ಪ್ರಸಾರದ ಮಾತು. ಅಲ್ಲಿನ ಪೂರ್ವ ಕರಾವಳಿಯಲ್ಲಿ ಸಂಜೆ ಏಳಕ್ಕೆ ಆರಂಭವಾಗುವ ಪ್ಲೇಆಫ್ ಪಂದ್ಯ ನಮಗೆ ಬೆಳಗಿನ ಜಾವ ನಾಲ್ಕೂವರೆಗೆ, ಮಿನ್ನೆಸೊಟಾದಲ್ಲಿ ಅದೇ ಹೊತ್ತಿಗೆ ಆರಂಭವಾಗುವುದು ಐದೂವರೆಗೆ ಸಿಗುತ್ತದೆ. ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ ಆ ಹೊತ್ತಿಗೆ ಎಚ್ಚರವಿರುವುದು ಕಷ್ಟವಲ್ಲ, ಪಂದ್ಯ ಮುಗಿಸಿಯೇ ಕೆಲಸಕ್ಕೆ ಹೊರಡಬಹುದು. ವೀಕ್ಷಕ ವಿವರಣೆ ಇಂಗ್ಲಿಷ್‌ನಲ್ಲಿದ್ದರೂ ಆಟ ಅರ್ಥವಾಗಲು ಅದು ಅಡ್ಡಿಯಾಗದು. ಮೊಬೈಲ್ ಪರದೆಯಲ್ಲಿ ಮಾತ್ರ ಚೆಂಡಿನ ಬದಲು ಬಳಸುವ ಆ ಪುಟ್ಟ ಕಪ್ಪು ಬಿಲ್ಲೆ, ಅಂದರೆ ಪಕ್, ಕಣ್ಣಿಗೆ ಸಿಗುವುದೇ ಇಲ್ಲ. ಟಿವಿಯಲ್ಲಿ ನೋಡುವುದೇ ಲೇಸು.

ನಮ್ಮ ಕರಾವಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾಟಗಳನ್ನು ಸಂಘಟಿಸುವ ಯುವಕ ಮಂಡಲಗಳವರು ಇದನ್ನು ನೋಡಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಒಂದೇ ಅಂಗಣದಲ್ಲಿ ಒಂದೇ ರಾತ್ರಿ ಮುಗಿಯುವ ಪಂದ್ಯಾಟದಲ್ಲಿ ತವರಿನ ಲಾಭವೆಂಬುದೇ ಇರುವುದಿಲ್ಲ, ಉದ್ದದ ಸರಣಿಗೆ ಸಮಯವೂ ಇಲ್ಲ. ಲೀಗ್ ಹಂತದಲ್ಲಿ ಮೊದಲಿಗರಾದವರಿಗೂ ಸೆಮಿಫೈನಲ್‌ಗೆ ಚೀಟಿ ಎತ್ತಿಸಿದರೆ ಅವರ ಅಷ್ಟೂ ಶ್ರಮ ಅದೃಷ್ಟದ ಪಾಲಾಗುತ್ತದೆ. ಅದರ ಬದಲು ಎದುರಾಳಿಯನ್ನು ಆರಿಸುವ ಹಕ್ಕನ್ನೂ, ಮೊದಲ ಸೆಮಿಫೈನಲ್ ಆಡಿ ಫೈನಲ್‌ಗೆ ಮುನ್ನ ಹೆಚ್ಚು ವಿಶ್ರಾಂತಿ ಪಡೆಯುವ ಅವಕಾಶವನ್ನೂ ಅವರಿಗೆ ಕೊಡಬಹುದು. ಇದಕ್ಕೆ ಸಂಘಟಕರಿಗೆ ಒಂದು ರೂಪಾಯಿಯೂ ಖರ್ಚಾಗದು, ಕರಪತ್ರದಲ್ಲಿ ನಿಯಮವನ್ನು ಮೊದಲೇ ಅಚ್ಚು ಹಾಕಿಸಿದರೆ ತಕರಾರಿಗೂ ಎಡೆಯಿರದು.