ಬೆಕ್ಕಿಗೆ ಹೊಟ್ಟೆ ಕಟ್ಟಿದಾಗ: ಕುಂಬಳ, ಇಸಬ್‌ಗೋಲ್, ಸಿರಪ್, ನೀರು

ಬೆಕ್ಕಿಗೆ ಮೋಷನ್ ಆಗ್ತಿಲ್ಲ ಅಂತ ಕೋಲಾರದಲ್ಲಿ ಒಮ್ಮೆ ಬಾಯಿ ಬಿಟ್ಟರೆ ಸಾಕು, ಮನೆಗೊಂದು ಔಷಧಿ ಸಿಗುತ್ತದೆ. ಪಕ್ಕದ ಮನೆಯ ಅಜ್ಜಿ ಹರಳೆಣ್ಣೆ ಅಂದರು. ಹಾಲು ಹಾಕುವವರು ಬಿಸಿ ಹಾಲಿಗೆ ತುಪ್ಪ ಬಿಡಿ ಅಂದರು. ಮೆಡಿಕಲ್ ಶಾಪಿನ ಹುಡುಗ ಮಾತೇ ಆಡದೆ ಇಸಬ್‌ಗೋಲ್ ಡಬ್ಬಿ ತೆಗೆದಿಟ್ಟ. ಬೆಂಗಳೂರಿನ ತಂಗಿ ವಾಟ್ಸ್‌ಆ್ಯಪ್‌ನಲ್ಲಿ ಕುಂಬಳಕಾಯಿ ಫೋಟೋ ಕಳಿಸಿದಳು. ಡಾಕ್ಟರು ಬರೆದುಕೊಟ್ಟಿದ್ದು ಲ್ಯಾಕ್ಟುಲೋಸ್ ಸಿರಪ್. ಇವುಗಳಲ್ಲಿ ಕೆಲವನ್ನು ನಮ್ಮ ಸೀನನಿಗೆ ಒಂದೊಂದಾಗಿ ಕೊಟ್ಟು ನೋಡಿದ್ದೇನೆ, ಕೆಲವನ್ನು ಬೇಕಂತಲೇ ಮುಟ್ಟಲಿಲ್ಲ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಗೆದ್ದಿದ್ದು ನೀರು. ಉಳಿದದ್ದೆಲ್ಲ ಅದರ ಹಿಂದೆ.

ಸೀನನಿಗೆ ಈಗ ಹತ್ತು ವರ್ಷ. ಆಪರೇಷನ್ ಆಗಿರುವ ಗಂಡು, 5 ಕೆಜಿ ಮೇಲೆ ತೂಕ, ಸೋಫಾ ಬಿಟ್ಟು ಏಳುವ ಜಾತಿ ಅಲ್ಲ. ಡ್ರೈ ಫುಡ್ ಬಿಟ್ಟರೆ ಬೇರೆ ಊಟ ಅವನಿಗೆ ಗೊತ್ತಿರಲಿಲ್ಲ. ಬಿಸಿಲು ಏರಿದ ಹಾಗೆ ಕಷ್ಟ ಶುರು. ಲಿಟರ್ ಬಾಕ್ಸ್‌ಗೆ, ಅಂದರೆ ಅವನ ಕಕ್ಕಸಿನ ಮರಳು ಡಬ್ಬಕ್ಕೆ ಹೋಗುತ್ತಾನೆ, ಬೆನ್ನು ಬಗ್ಗಿಸಿ ತಿಣುಕುತ್ತಾನೆ, ಒಂದಿಷ್ಟು ಕೂಗಿ ಸುಮ್ನೆ ಆಚೆ ಬರುತ್ತಾನೆ. ಬಂದರೂ ಆಡಿನ ಹಿಕ್ಕೆಯಂಥ ಒಣ ಉಂಡೆಗಳು. ಹೊಟ್ಟೆ ಸರಿ ಇದ್ದಾಗ ಮಲಕ್ಕೆ ಲಿಟರ್ ಮರಳು ಮೆತ್ತಿಕೊಂಡಿರುತ್ತದೆ. ಈ ಉಂಡೆಗಳಿಗೆ ಒಂದು ಕಾಳೂ ಅಂಟುವುದಿಲ್ಲ. ಬಾಕ್ಸ್ ಕ್ಲೀನ್ ಮಾಡುವಾಗ ನಾನು ಮೊದಲು ನೋಡುವುದು ಇದನ್ನೇ.

ಮುಂದೆ ಹೋಗುವ ಮುಂಚೆ ಒಂದು ಮಾತು. ಗಂಡು ಬೆಕ್ಕು ತಿಣುಕುತ್ತಿದೆ ಅಂದರೆ ಅದು ಮಲಕ್ಕೋ ಮೂತ್ರಕ್ಕೋ ಅಂತ ಮೊದಲು ಗೊತ್ತಾಗಬೇಕು. ಎರಡಕ್ಕೂ ಕೂರುವ ಭಂಗಿ ನೋಡೋಕೆ ಒಂದೇ ಥರ. ಮೂತ್ರ ಕಟ್ಟಿದ್ದರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ಬಾಕ್ಸ್‌ನಲ್ಲಿ ಮೂತ್ರ ಬಿದ್ದ ಮರಳಿನ ಒದ್ದೆ ಗಡ್ಡೆ ಕಾಣದಿದ್ದರೆ ಕುಂಬಳಕಾಯಿ ಹೆಚ್ಚುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಮಲವೇ ಎರಡು ಮೂರು ದಿನ ಬಂದಿಲ್ಲ, ಜೊತೆಗೆ ವಾಂತಿ, ಊಟ ಬೇಡ ಅನ್ನುತ್ತಿದೆ ಅಂದರೂ ಅಷ್ಟೇ. ಸೀನನಿಗೆ ಮೊದಲು ಎಕ್ಸ್‌ರೇ, ರಕ್ತಪರೀಕ್ಷೆ ಎರಡೂ ಆಯಿತು. ವಯಸ್ಸಾದ ಬೆಕ್ಕುಗಳಲ್ಲಿ ಕಿಡ್ನಿ ಸೋತರೆ ಮೈಯಲ್ಲಿ ನೀರು ನಿಲ್ಲುವುದಿಲ್ಲ, ಮಲ ಒಣಗುತ್ತದೆ. ಸೊಂಟದ ಕೀಲು ನೋವಿದ್ದರೆ ಕೂರುವುದೇ ಕಷ್ಟ. ಅವೆರಡೂ ಇಲ್ಲ ಅಂತಾದ ಮೇಲೆ ಮನೆಮದ್ದಿನ ಸರದಿ.

ದೊಡ್ಡ ಕರುಳಿನ ಒಂದು ಮುಖ್ಯ ಕೆಲಸ ನೀರು ಹೀರುವುದು. ಮಲ ಅಲ್ಲಿ ಎಷ್ಟು ಹೊತ್ತು ನಿಂತರೆ ಅಷ್ಟು ನೀರು ಹೋಗುತ್ತದೆ. ಗಟ್ಟಿಯಾಗುತ್ತದೆ, ನೋಯುತ್ತದೆ. ನೋವಿಗೆ ಹೆದರಿ ಬೆಕ್ಕು ಇನ್ನೂ ತಡೆಹಿಡಿಯುತ್ತದೆ. ಹಾಗಾಗಿ ಯಾವ ಮದ್ದಿಗೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಇದು ಕರುಳಿನೊಳಗೆ ನೀರನ್ನು ಉಳಿಸುತ್ತದಾ?

ಸಿಹಿಗುಂಬಳ ಮೊದಲು. ಮಾರ್ಕೆಟ್ಟಿನಲ್ಲಿ ಹೋಳು ಮಾಡಿ ಇಟ್ಟಿರುತ್ತಾರಲ್ಲ, ಅದರದೇ ಒಂದು ತುಂಡು. ಸಿಪ್ಪೆ, ಬೀಜ ತೆಗೆದು, ಉಪ್ಪು ಹಾಕದೆ ಬೇಯಿಸಿ, ನುಣ್ಣಗೆ ಕಿವುಚಿ ಒಂದು ಟೀ ಚಮಚ ಊಟಕ್ಕೆ ಕಲೆಸಿದೆ. ಮನೆಗೆ ಮಾಡಿದ ಪಲ್ಯದಲ್ಲೇ ಒಂಚೂರು ತೆಗೆದಿಡೋಣ ಅನ್ನುವವರಿಗೆ: ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಒಗ್ಗರಣೆ ಬಿದ್ದ ಯಾವುದೂ ಬೇಡ. ಸೀನ ಮೊದಲು ಮೂಸಿ ದೂರ ಹೋದ, ಆಮೇಲೆ ಚಿಕನ್ ಜೊತೆ ಕಲೆಸಿದಾಗ ತಿಂದ. ಮಲ ಸ್ವಲ್ಪ ಮೆತ್ತಗಾಯಿತು. ಆದರೆ ಕುಂಬಳಕ್ಕೆ ಇರುವ ಹೆಸರಿಗೂ ಅದು ಮಾಡುವ ಕೆಲಸಕ್ಕೂ ತಾಳೆ ಆಗುವುದಿಲ್ಲ. ಬೇಯಿಸಿದ ಕುಂಬಳದಲ್ಲಿ 90 ಭಾಗ ನೀರೇ. 100 ಗ್ರಾಂ ತಿಂದರೆ ಸಿಗುವ ನಾರು ಒಂದೆರಡು ಗ್ರಾಂ. ಒಂದು ಚಮಚದಲ್ಲಿ ಎಷ್ಟಿರುತ್ತೆ, ನೀವೇ ಲೆಕ್ಕ ಹಾಕಿ.

ಇಸಬ್‌ಗೋಲ್ ಇದಕ್ಕೆ ಉಲ್ಟಾ. ಅದರ ಹೊಟ್ಟು ಬಹುಪಾಲು ನಾರೇ. ಕಾಲು ಚಮಚ ಹಾಕಿದರೂ ಕುಂಬಳದ ಹಲವು ಚಮಚಕ್ಕಿಂತ ಜಾಸ್ತಿ ನಾರು ಹೋಗುತ್ತದೆ. ಮಲಬದ್ಧತೆಗೆ ಅಂತಲೇ ಬರುವ ಕೆಲವು ಡ್ರೈ ಫುಡ್‌ಗಳಲ್ಲೂ ಇದನ್ನೇ ಸೇರಿಸಿರುತ್ತಾರೆ. ಸಣ್ಣ ಬಟ್ಟಲಲ್ಲಿ ಕಾಲು ಚಮಚ ಹಾಕಿ, ಬೆಚ್ಚಗಿನ ಚಿಕನ್ ನೀರು ಧಾರಾಳವಾಗಿ ಸುರಿದು ಬಿಟ್ಟರೆ, ಐದು ಹತ್ತು ನಿಮಿಷದಲ್ಲಿ ಹೊಟ್ಟು ಉಬ್ಬಿ ಲೋಳೆಯಾಗುತ್ತದೆ. ಚಮಚ ಎತ್ತಿದರೆ ಎಳೆ ಎಳೆಯಾಗಿ ಜಾರುತ್ತದೆ. ಆ ಲೋಳೆ ಹಿಡಿದಿಟ್ಟುಕೊಂಡ ನೀರೇ ಕರುಳಿನಲ್ಲಿ ಕೆಲಸ ಮಾಡುವುದು. ನೆನೆಸದೆ ಒಣಗಿದ್ದನ್ನೇ ಡ್ರೈ ಫುಡ್ ಮೇಲೆ ಉದುರಿಸಿದರೆ ಅದು ಬೆಕ್ಕಿನ ಹೊಟ್ಟೆಯ ನೀರನ್ನೇ ಹೀರಿ ಇನ್ನಷ್ಟು ಗಟ್ಟಿ ಗಡ್ಡೆ ಮಾಡಬಹುದು. ಸೀನನ ಮಟ್ಟಿಗೆ ಫಲಿತಾಂಶದಲ್ಲಿ ಇದು ಕುಂಬಳಕ್ಕಿಂತ ಮೇಲು, ರುಚಿಯಲ್ಲಿ ಕೆಳಗೆ. ಲೋಳೆ ಇರುವ ಕಡೆ ಬಿಟ್ಟು ಸುತ್ತ ಮಾತ್ರ ನೆಕ್ಕುವುದರಲ್ಲಿ ಅವನು ಎಕ್ಸ್‌ಪರ್ಟ್. ಬೇರೆ ಮಾತ್ರೆ ನಡೀತಿದ್ದರೆ ಇದನ್ನು ಅದರ ಜೊತೆಗೇ ಕೊಡಬೇಡಿ. ಔಷಧಿ ಮೈಗೆ ಹತ್ತುವುದು ಕಮ್ಮಿಯಾಗಬಹುದು.

ತುಪ್ಪದ ಬಗ್ಗೆ ಜಾಸ್ತಿ ಹೇಳೋದಿಲ್ಲ. ತುಪ್ಪ ಸಣ್ಣ ಕರುಳಿನಲ್ಲೇ ಜೀರ್ಣವಾಗಿ ಹೋಗುತ್ತದೆ, ದೊಡ್ಡ ಕರುಳಿಗೆ ಜಾರುಬಂಡಿ ಹಾಕೋಕೆ ಅಲ್ಲಿವರೆಗೆ ತಲುಪುವುದೇ ಇಲ್ಲ. ಸೀನ ಖುಷಿಯಿಂದ ನೆಕ್ಕಿದ, ಬಾಕ್ಸ್‌ನಲ್ಲಿ ಏನೂ ಬದಲಾಗಲಿಲ್ಲ. ಹರಳೆಣ್ಣೆ ಕೊಡಲೇ ಇಲ್ಲ, ಅದು ಬೆಕ್ಕಿಗೆ ಬೇಡ. ಮಲ ಜಾರಲಿ ಅಂತ ಕುಡಿಸುವ ಲಿಕ್ವಿಡ್ ಪ್ಯಾರಾಫಿನ್ ಎಣ್ಣೆ ಕೂಡ ಅಷ್ಟೇ. ಅದಕ್ಕೆ ರುಚಿ ವಾಸನೆ ಏನೂ ಇಲ್ಲದ್ದರಿಂದ ಬಾಯಿಗೆ ಸುರಿದಾಗ ಬೆಕ್ಕಿಗೆ ನುಂಗಬೇಕು ಅಂತಲೇ ಅನ್ನಿಸದೆ ಶ್ವಾಸಕೋಶಕ್ಕೆ ಇಳಿಯಬಹುದು. ಇನ್ನು ಮನುಷ್ಯರ ಫಾಸ್ಫೇಟ್ ಎನಿಮಾ ಬೆಕ್ಕಿಗೆ ವಿಷ. ಎನಿಮಾ ಬೇಕೇ ಬೇಕು ಅಂದರೆ ಅದು ಡಾಕ್ಟರ ಕೆಲಸ.

ಹಾಲು ಮತ್ತು ಲ್ಯಾಕ್ಟುಲೋಸ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ತಮಾಷೆ ಇದೆ. ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಜೀರ್ಣವಾಗದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ನೀರನ್ನು ಎಳೆದುಕೊಳ್ಳುತ್ತದೆ, ಭೇದಿ ಆಗುತ್ತದೆ. 'ಹಾಲು ಕೊಟ್ಟೆ, ಸರಿ ಹೋಯ್ತು' ಅನ್ನುವವರ ಕಥೆ ಇಷ್ಟೇ. ಲ್ಯಾಕ್ಟುಲೋಸ್ ಕೂಡ ಜೀರ್ಣವಾಗದ ಸಕ್ಕರೆಯೇ, ಅದೇ ದಾರಿಯಲ್ಲಿ ಕೆಲಸ ಮಾಡುತ್ತದೆ. ಆದರೆ ಇಲ್ಲಿ ತೂಕ ನೋಡಿ ಮಿಲಿ ಲೆಕ್ಕದಲ್ಲಿ ಕೊಡಬಹುದು, ಹೆಚ್ಚು ಕಮ್ಮಿ ಮಾಡಬಹುದು. ಹಾಲಿನಲ್ಲಿ ಆ ಹಿಡಿತ ಇಲ್ಲ. ಗ್ಯಾಸ್, ಹೊಟ್ಟೆನೋವು, ಭೇದಿಯಲ್ಲಿ ಇದ್ದ ನೀರೂ ಹೋಗಿ ಮತ್ತೆ ಮಲ ಕಟ್ಟುವುದು, ಇಷ್ಟೂ ಪುಕ್ಕಟೆ.

ಸಿರಪ್ ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಒಂದೆರಡು ದಿನದಲ್ಲೇ ಮಲ ಮೆತ್ತಗಾಯಿತು. ಕಷ್ಟ ಇರುವುದು ಕುಡಿಸುವುದರಲ್ಲಿ. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲ, ಹಾಗಾಗಿ ಮಕ್ಕಳ ಥರ ಸಿಹಿಗೆ ಮರುಳಾಗುವ ಆಸೆ ಇಟ್ಟುಕೊಳ್ಳಬೇಡಿ. ಅವನಿಗೆ ಉಳಿಯುವುದು ಬರೀ ಅಂಟು. ಸೂಜಿ ಇಲ್ಲದ ಸಿರಿಂಜನ್ನು ಕೋರೆಹಲ್ಲಿನ ಹಿಂದಿನ ಸಂದಿಯಲ್ಲಿ ಇಟ್ಟು ಸ್ವಲ್ಪ ಸ್ವಲ್ಪ ಬಿಡಬೇಕು. ಅರ್ಧ ನನ್ನ ತೋಳಿಗೆ, ಅರ್ಧ ಅವನ ಗದ್ದಕ್ಕೆ, ಆಮೇಲೆ ಇರುವೆ. ಪೇಚಾಟ ತಪ್ಪಿಸೋಕೆ ಮಲ ಮೆತ್ತಗೆ ಮಾಡುವ, ರುಚಿ ಇಲ್ಲದ ಪಾಲಿಥಿಲೀನ್ ಗ್ಲೈಕಾಲ್ ಪುಡಿಯನ್ನು ಊಟಕ್ಕೆ ಕಲೆಸುವ ದಾರಿಯೂ ಇದೆ. ಅದೂ ಡಾಕ್ಟರು ಹೇಳಿದ ಅಳತೆಯಲ್ಲೇ.

ಈಗ ಗೆದ್ದ ಕುದುರೆ. ಬೆಕ್ಕಿನ ಪೂರ್ವಿಕರು ಮರುಭೂಮಿ ಕಡೆಯವರು, ಬಾಯಾರಿಕೆ ಸಹಜವಾಗಿಯೇ ಕಮ್ಮಿ. ಬೇಟೆಯ ಮಾಂಸದಲ್ಲೇ ನೀರು ಸಿಗುತ್ತಿತ್ತು. 5 ಕೆಜಿ ಬೆಕ್ಕಿಗೆ ದಿನಕ್ಕೆ ಎಲ್ಲ ಸೇರಿ ಸುಮಾರು 250 ಮಿಲಿ ನೀರು ಬೇಕು. ಡ್ರೈ ಫುಡ್‌ನಲ್ಲಿ ನೀರು 10 ಭಾಗ, 60 ಗ್ರಾಂ ತಿಂದರೆ ಸಿಗುವುದು 6 ಮಿಲಿ. ಪೌಚ್‌ನ ವೆಟ್ ಫುಡ್‌ನಲ್ಲಿ 75–80 ಭಾಗ ನೀರು, 80 ಗ್ರಾಂನ ಒಂದು ಪೌಚ್‌ನಲ್ಲೇ 60 ಮಿಲಿ ಬರುತ್ತದೆ. ಮೂರು ಪೌಚ್ ತಿಂದರೆ ನೀರಿನ ಬಟ್ಟಲನ್ನು ಮೂಸದಿದ್ದರೂ ಮುಕ್ಕಾಲು ಪಾಲು ಹತ್ತಿರ ಬಂತು. ಯಾವ ಕುಂಬಳ, ಯಾವ ಇಸಬ್‌ಗೋಲ್ ಇದಕ್ಕೆ ಸಾಟಿ?

ಖರ್ಚು ಮಾತ್ರ ಜಾಸ್ತಿ, ದಿನಾ ಮೂರು ಪೌಚ್ ನಮ್ಮ ಮನೆಗೆ ಆಗದ ಮಾತು. ನಾನು ಕಂಡುಕೊಂಡಿದ್ದು ಒಂದು ಪೌಚ್, ಉಳಿದದ್ದು ಡ್ರೈ ಫುಡ್ಡೇ, ಆದರೆ ಚಿಕನ್ ಬೇಯಿಸಿದ ನೀರಿನಲ್ಲಿ ನೆನೆಸಿದ್ದು. ಬರೀ ಬೇಯಿಸಿದ ಚಿಕನ್ ಮೇಲೆ ಬೆಕ್ಕನ್ನು ಸಾಕೋಕಾಗಲ್ಲ, ಕ್ಯಾಲ್ಸಿಯಂ ಸಾಲದು. ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಅನ್ನುವ ಪೋಷಕಾಂಶ ಬೇಯಿಸುವಾಗ ನೀರಿಗೆ ಇಳಿಯುತ್ತದೆ. ಅದಕ್ಕೇ ಆ ನೀರನ್ನು ಚೆಲ್ಲಬಾರದು. ಮೂಳೆ ಒಂದು ಚೂರೂ ಬೇಡ, ಮೂಳೆಪುಡಿಯೇ ಮಲವನ್ನು ಸುಣ್ಣದ ಹಾಗೆ ಗಟ್ಟಿ ಮಾಡುತ್ತದೆ. ನೆನೆಸಿದ ಊಟ ನಮ್ಮ ಏಪ್ರಿಲ್ ಬಿಸಿಲಿಗೆ ಬೇಗ ಹಳಸುತ್ತದೆ, ಗಂಟೆಯೊಳಗೆ ತಿನ್ನದಿದ್ದರೆ ಎತ್ತಿಬಿಡಿ. ತಟ್ಟೆಯನ್ನು ನೀರು ತುಂಬಿದ ದೊಡ್ಡ ತಟ್ಟೆಯೊಳಗೆ ಇಟ್ಟರೆ ಇರುವೆ ಕಾಟವೂ ಇಲ್ಲ. ಒಂದೇ ಸಲ ಊಟ ಬದಲಿಸಬೇಡಿ. ದಪ್ಪ ಬೆಕ್ಕು ಹಟ ಹಿಡಿದು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರ್‌ಗೆ ಕೊಬ್ಬು ತುಂಬಿ ಬೇರೆಯೇ ರಾದ್ಧಾಂತ ಆಗುತ್ತದೆ.

ನೀರಿನ ಬಟ್ಟಲನ್ನು ಊಟದ ಪಕ್ಕದಿಂದ ಎತ್ತಿ ಹಾಲ್‌ನ ಇನ್ನೊಂದು ಮೂಲೆಗೆ ಇಟ್ಟೆ, ಮೀಸೆ ತಾಗದಷ್ಟು ಅಗಲದ್ದು. ನಮ್ಮ ಬೋರ್‌ವೆಲ್ ನೀರು ಬಟ್ಟಲಿಗೆ ಬಿಳಿ ಗೆರೆ ಕಟ್ಟುತ್ತದೆ, ದಿನಾ ತಿಕ್ಕಿ ತೊಳೆಯುತ್ತೇನೆ. ಇಷ್ಟೆಲ್ಲ ಮಾಡಿದರೂ ಸೀನನಿಗೆ ಇಷ್ಟ ಬಾತ್‌ರೂಮಿನ ಬಕೆಟ್ಟು. ಕುಡೀಲಿ ಬಿಡಿ, ಸೋಪು ನೀರು ಇರದಿದ್ದರೆ ಸರಿ. ಲಿಟರ್ ಬಾಕ್ಸ್ ಒಂದಿದ್ದಿದ್ದು ಎರಡಾಯಿತು, ಒಂದರ ಅಂಚು ತಗ್ಗು. ಕೊಳಕು ಬಾಕ್ಸ್ ನೋಡಿ ತಡೆಹಿಡಿಯುವ ಬೆಕ್ಕುಗಳೂ ಇವೆ. ಸಂಜೆ ದಾರ ಎಳೆದು ಆಡಿಸುತ್ತೇನೆ, ಕೂದಲು ಬಾಚುತ್ತೇನೆ. ಇವು ಎಷ್ಟರಮಟ್ಟಿಗೆ ಸಹಾಯ ಮಾಡಿದವೋ ಬಿಡಿಸಿ ಹೇಳೋಕಾಗಲ್ಲ, ನಷ್ಟವಂತೂ ಇಲ್ಲ.

ಹೀಗಾಗಿ ಸದ್ಯದ ಪಟ್ಟಿ: ನೀರಿನ ಊಟ ದಿನಾ, ಸೆಕೆ ಜಾಸ್ತಿ ಆದಾಗ ನೆನೆಸಿದ ಇಸಬ್‌ಗೋಲ್ ಕಾಲು ಚಮಚ, ಅದನ್ನು ತಿನ್ನದ ದಿನ ಕುಂಬಳ, ಇಷ್ಟಕ್ಕೂ ಬಗ್ಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಸಿರಪ್. ಇದು ಸೀನನಂಥ ಬೆಕ್ಕಿನ ಪಟ್ಟಿ. ತಿಂಗಳುಗಟ್ಟಲೆ ಮಲ ಕಟ್ಟಿ ದೊಡ್ಡ ಕರುಳೇ ಹಿಗ್ಗಿಹೋಗಿದ್ದರೆ, ಅದನ್ನು ಮೆಗಾಕೋಲನ್ ಅನ್ನುತ್ತಾರೆ, ಈ ಹೋಲಿಕೆ ತಲೆಕೆಳಗಾಗುತ್ತದೆ. ಹಿಂಡುವ ಶಕ್ತಿ ಕಳೆದುಕೊಂಡ ಕರುಳಿಗೆ ಜಾಸ್ತಿ ನಾರು ಅಂದರೆ ಜಾಸ್ತಿ ಹೊರೆ. ಅಂಥ ಬೆಕ್ಕಿಗೆ ಸಾಮಾನ್ಯವಾಗಿ ನಾರು ಕಮ್ಮಿ ಇರುವ, ಸುಲಭವಾಗಿ ಜೀರ್ಣವಾಗುವ ಊಟ ಮತ್ತು ಔಷಧಿ ಬರೆಯುತ್ತಾರೆ. ಕೆಲವಕ್ಕೆ ಆಪರೇಷನ್ ಬೇಕಾಗುತ್ತದೆ, ಬೆಂಗಳೂರಿಗೆ ಹೋಗಬೇಕಾಗಬಹುದು. ಅಂಥ ಕರುಳಿಗೆ ಕುಂಬಳವೂ ಬೇಡ, ಇಸಬ್‌ಗೋಲೂ ಬೇಡ.