ಕ್ರೇಯಾನ್, ನೀರಿನ ಬಣ್ಣ, ಆವೆಮಣ್ಣು: ಪುಟ್ಟ ಮಗುವಿನ ಜೊತೆ ಯಾವುದು?

ನಾಲ್ಕು ವರ್ಷದ ಮಗಳ ಜೊತೆ ಕೂತು ಮಾಡಲು ಈ ಮೂರರಲ್ಲಿ ಯಾವುದು ತರಲಿ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿದ್ದೀರಿ ಅಂದಮೇಲೆ ಮೊದಲು ಮಳೆಯನ್ನೇ ನೋಡಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ಬಣ್ಣ ಬಳಿದ ಹಾಳೆ ಬೇಗ ಒಣಗುವುದಿಲ್ಲ. ನಮ್ಮನೆಯಲ್ಲಿ ಒಂದರ ಮೇಲೊಂದು ಇಟ್ಟ ಚಿತ್ರಗಳು ಅಂಟಿಕೊಂಡು, ಬಿಡಿಸುವಾಗ ಮಗನ ನೀಲಿ ಕಡಲು ಹರಿದೇ ಹೋಯಿತು. ಅವನ ಮುಖ ನೋಡಲಾಗಲಿಲ್ಲ. ದಪ್ಪ ಹಾಳೆ ತಂದು, ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಕ್ಲಿಪ್ಪು ಹಾಕಿದರೆ ಪರವಾಗಿಲ್ಲ. ಬೇಸಗೆಯಲ್ಲಾದರೆ ಅಂಗಳದಲ್ಲೇ ಕೂರಬಹುದು. ಹಳದಿಗೆ ನೀಲಿ ಸೇರಿ ಹಸಿರಾಗುವುದನ್ನು ಮಗು ಕಣ್ಣಾರೆ ಕಾಣುತ್ತದೆ.

ಆವೆಮಣ್ಣಿಗೆ ಮಳೆಗಾಲದ ಭಯವಿಲ್ಲ. ಒದ್ದೆ ಬಟ್ಟೆ ಸುತ್ತಿಟ್ಟರೆ ದಿನಗಟ್ಟಲೆ ಮೆತ್ತಗಿರುತ್ತದೆ, ಒಣಗಿದ್ದನ್ನು ನೆನೆಸಿ ಮತ್ತೆ ನಾದಬಹುದು, ಹಾಗಾಗಿ ಖರ್ಚೂ ಕಡಿಮೆ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಇಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದೂ ಈ ನೆಲದ ಮಣ್ಣಿನಿಂದಲೇ. ಮಾಡಿನ ಹೆಂಚು ತೋರಿಸಿ ಮಗುವಿಗೆ ಹೇಳಿ. 'ಜೊತೆಗೆ' ಎಂಬ ಮಾತಿಗೆ ನನ್ನ ಮಟ್ಟಿಗೆ ಮಣ್ಣೇ ಹೊಂದುತ್ತದೆ. ಹಾಳೆಯಲ್ಲಿ ನಾವು ಚಂದದ ಆನೆ ಬರೆದರೆ ಮಗು "ಅಮ್ಮಾ, ನೀನೇ ಬರಿ" ಎಂದು ಕೈಬಿಡುತ್ತದೆ. ಮಣ್ಣಿನಲ್ಲಿ ಇಬ್ಬರದೂ ಉಂಡೆಯಿಂದಲೇ ಶುರು. ಆದರೆ ಸುಡದ ಗೊಂಬೆ ಬಾಳಿಕೆ ಬರುವುದಿಲ್ಲ. ಕೈ ತೊಳೆಯಲು ಬಕೆಟ್ ಇಡಿ, ಸಿಂಕಿಗೆ ಬಿಟ್ಟರೆ ಪೈಪು ಕಟ್ಟುತ್ತದೆ.

ಫ್ಲಾಟಿನಲ್ಲಿದ್ದು, ಕೆಲಸದಿಂದ ಬಂದಮೇಲೆ ಅರ್ಧ ಗಂಟೆಯಷ್ಟೇ ಸಿಗುವುದಾದರೆ ಕ್ರೇಯಾನ್ ಸಾಕು. ಚಿತ್ರವನ್ನು ಅಜ್ಜಿಗೆ ತೋರಿಸಲು ಎತ್ತಿಡಬಹುದು. ದಪ್ಪ ಕಡ್ಡಿಯದೇ ತನ್ನಿ, ಎಳೆ ಬೆರಳಿಗೆ ಹಿಡಿತ ಸಿಗುತ್ತದೆ.