13 ಸಂಖ್ಯೆ ಹೇಳುವ ತೂಕದ ಮಷೀನು ಮತ್ತು 20 ರೂಪಾಯಿಯ ಟೈಲರ್ ಟೇಪು

ಮೂರು ತಿಂಗಳ ಹಿಂದೆ ಆನ್‌ಲೈನಲ್ಲಿ 1,799 ರೂಪಾಯಿ ಕೊಟ್ಟು ಒಂದು ಸ್ಮಾರ್ಟ್ ತೂಕದ ಮಷೀನು ತರಿಸಿದೆ. ಗಾಜಿನ ಹಲಗೆ, ಅದರ ಮೇಲೆ ನಾಲ್ಕು ಲೋಹದ ಪಟ್ಟಿ, ಮೊಬೈಲಿಗೆ ಒಂದು ಆ್ಯಪ್. ಬರಿಗಾಲಲ್ಲಿ ನಿಂತರೆ ತೂಕ, ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನುವ ಲೆಕ್ಕ), ಕೊಬ್ಬು, ನೀರು, ಸ್ನಾಯು, ಮೂಳೆ, ಹೊಟ್ಟೆಯೊಳಗಿನ ಕೊಬ್ಬು, ಕೊನೆಗೆ 'ದೇಹದ ವಯಸ್ಸು' ಅಂತೆಲ್ಲ ಒಟ್ಟು 13 ಸಂಖ್ಯೆ ಹೇಳುತ್ತದೆ. ಕಂಪನಿಯ ಹೆಸರು ಹಾಕುವುದಿಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ತೂಕ ಪಕ್ಕಾ. 5 ಕೆಜಿ ಅಕ್ಕಿ ಚೀಲ ಎತ್ತಿಕೊಂಡು ನಿಂತೆ, ಸರಿಯಾಗಿ 5 ಕೆಜಿ ಜಾಸ್ತಿ ತೋರಿಸಿತು. ಬ್ಯಾಟರಿ ಇನ್ನೂ ಮೊದಲಿನದ್ದೇ ಇದೆ. ಗಾಜು ಮಾತ್ರ ಒದ್ದೆ ಕಾಲಿಗೆ ಜಾರುತ್ತದೆ, ವಯಸ್ಸಾದವರು ಹುಷಾರು.

ಇನ್ನು ತಕರಾರು. ನನಗೆ 44 ವರ್ಷ, ಎತ್ತರ 168 ಸೆಂಟಿಮೀಟರ್, ತೂಕ 68 ಕೆಜಿ. ಆ್ಯಪ್ ಲೆಕ್ಕ ಹಾಕಿ ಬಿಎಂಐ 24.1 ಅಂತ ಹಸಿರು ಬಣ್ಣದಲ್ಲಿ ಟಿಕ್ ಹಾಕಿ 'ನಾರ್ಮಲ್' ಅಂದಿತು. ಖುಷಿಯಿಂದ ಅಮ್ಮನಿಗೆ ತೋರಿಸಿದೆ. "ಹೊಟ್ಟೆ ಬಂದೈತಿ ಅಂತ ವರ್ಷದಿಂದ ನಾನು ಬಡ್ಕೊಂಡ್ರೆ ಕೇಳಲಿಲ್ಲ, ಈಗ ಮಷೀನಿನ ಮಾತು ನಂಬ್ತೀಯೇನೋ" ಅಂದರು. ಅಮ್ಮನ ಮಾತೇ ಸರಿ ಇತ್ತು.

ಆ ಹಸಿರು ಟಿಕ್ ಹಾಕಿರುವುದು 25ರವರೆಗೆ ನಾರ್ಮಲ್ ಅನ್ನುವ ಜಾಗತಿಕ ಅಳತೆಯ ಪ್ರಕಾರ. ನಮ್ಮ ದೇಶದ ತಜ್ಞರು 2009ರಲ್ಲೇ ಸೇರಿ ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಬೇರೆ ಗೆರೆ ಎಳೆದಿದ್ದಾರೆ. ಯಾಕೆ ಅಂದರೆ ಅಷ್ಟೇ ತೂಕಕ್ಕೆ ನಮ್ಮ ಮೈಯಲ್ಲಿ ಕೊಬ್ಬು ಜಾಸ್ತಿ, ಅದೂ ಹೊಟ್ಟೆಯ ಸುತ್ತ. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂದಿತ್ತು. ಒಬ್ಬರು ಪುಣೆಯ ಡಾ. ಯಾಜ್ಞಿಕ್, ಇನ್ನೊಬ್ಬರು ಇಂಗ್ಲೆಂಡಿನ ಡಾ. ಯುಡ್ಕಿನ್. ಇಬ್ಬರ ಬಿಎಂಐಯೂ 22.3. ಕೊಬ್ಬು ಮಾತ್ರ ಯುಡ್ಕಿನ್ ಅವರದ್ದು 9.1 ಶೇಕಡ, ಯಾಜ್ಞಿಕ್ ಅವರದ್ದು 21.2! ಪುಣೆಯಲ್ಲಿ ಹುಟ್ಟಿದ ಕೂಸುಗಳನ್ನೂ ಯಾಜ್ಞಿಕ್ ತಂಡ ಅಳೆದು ನೋಡಿದೆ. ಇಂಗ್ಲೆಂಡಿನ ಕೂಸುಗಳು ಸರಾಸರಿ 3.5 ಕೆಜಿ, ಇಲ್ಲಿಯವು 2.7 ಕೆಜಿ. ಮೈ ಸಣ್ಣದು, ಸ್ನಾಯು ಕಡಿಮೆ, ಆದರೆ ಚರ್ಮದ ಕೆಳಗಿನ ಕೊಬ್ಬು ಅಷ್ಟೇನೂ ಕಡಿಮೆ ಇರಲಿಲ್ಲ. ಅಂದರೆ ಈ ಕಥೆ ತಾಯಿಯ ಹೊಟ್ಟೆಯಲ್ಲೇ ಶುರುವಾಗಿರುತ್ತದೆ, ನಾವು ಮಾತ್ರ ಎಲ್ಲದಕ್ಕೂ ಸಂಜೆಯ ಮಂಡಕ್ಕಿ ಮಿರ್ಚಿಯನ್ನು ಬೈಯುತ್ತೇವೆ. (ಮಿರ್ಚಿ ಅಮಾಯಕ ಅಂತ ಹೇಳ್ತಾ ಇಲ್ಲ, ನಾನು ದಾವಣಗೆರೆಯವನು, ಎಷ್ಟು ತಿಂತೀನಿ ಅಂತ ನನಗೆ ಗೊತ್ತು.)

ಹಾಗಾದರೆ ಮಷೀನು ತೋರಿಸುವ ಕೊಬ್ಬಿನ ಶೇಕಡಾವಾರು ನೋಡಿದರೆ ಆಯ್ತಲ್ವಾ? ನಾನೂ ಹಾಗೇ ಅಂದುಕೊಂಡೆ. ಬೆಳಿಗ್ಗೆ ಎದ್ದ ಕೂಡಲೇ 27.6. ಸ್ನಾನ ಮಾಡಿ ಒದ್ದೆ ಕಾಲಲ್ಲೇ ನಿಂತರೆ 24.9. ಅರ್ಧ ಗಂಟೆಯಲ್ಲಿ ಕೊಬ್ಬು ಎಲ್ಲಿ ಕರಗಿತು? ಆಮೇಲೆ ಸುಮ್ನೆ ಕುತೂಹಲಕ್ಕೆ ಆ್ಯಪಿನಲ್ಲಿ ವಯಸ್ಸನ್ನು 44ರಿಂದ 24ಕ್ಕೆ ಇಳಿಸಿದೆ. ಕೊಬ್ಬೂ ಇಳಿಯಿತು! 'ಕ್ರೀಡಾಪಟು' ಅಂತ ಟಿಕ್ ಮಾಡಿದೆ, ಇನ್ನೂ ಇಳಿಯಿತು. ಇದರ ಒಳಗುಟ್ಟು ಇಷ್ಟೇ. ಮಷೀನು ಒಂದು ಕಾಲಿನಿಂದ ಸಣ್ಣ ಕರೆಂಟು ಬಿಟ್ಟು ಇನ್ನೊಂದು ಕಾಲಿನಿಂದ ವಾಪಸ್ ತೆಗೆದುಕೊಳ್ಳುತ್ತದೆ. ನೀರಿರುವ ಕಡೆ ಕರೆಂಟು ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ತಡೆ ಜಾಸ್ತಿ. ಆ ತಡೆಯನ್ನು ಅಳೆದು, ನೀವು ತುಂಬಿದ ವಯಸ್ಸು, ಎತ್ತರ, ಗಂಡು ಹೆಣ್ಣು ಎಲ್ಲ ಸೇರಿಸಿ ಒಂದು ಅಂದಾಜು ಕಟ್ಟುತ್ತದೆ. ಕರೆಂಟು ಮುಖ್ಯವಾಗಿ ಓಡಾಡುವುದು ಕಾಲುಗಳಲ್ಲಿ, ಅದು ಹೇಳುವುದು ಹೊಟ್ಟೆಯ ಸಮಾಚಾರ. ಪೇಸ್‌ಮೇಕರ್ ಇರುವವರಂತೂ ಇದರ ಮೇಲೆ ನಿಲ್ಲಲೇಬಾರದು. ಅದನ್ನು ಡಬ್ಬಿಯ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದ್ದಾರೆ.

ಕೊನೆಗೆ ನಮ್ಮ ಬೀದಿಯ ಟೈಲರ್ ಅಂಗಡಿ ಪಕ್ಕದ ಫ್ಯಾನ್ಸಿ ಸ್ಟೋರಿನಲ್ಲಿ ಹೊಟ್ಟೆಯ ಸುತ್ತಳತೆ ನೋಡಲು 20 ರೂಪಾಯಿಗೆ ಟೇಪು ತಂದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಹಿಡಿಯಬೇಕು, ಸಹಜವಾಗಿ ಉಸಿರು ಬಿಟ್ಟಾಗ ಓದಬೇಕು, ಹೊಟ್ಟೆ ಒಳಗೆಳೆದುಕೊಂಡು ಮೋಸ ಮಾಡಬಾರದು. ನನ್ನ ಪ್ಯಾಂಟ್ ಸೈಜು 34. ಟೇಪು ಹೇಳಿದ್ದು 37 ಇಂಚು, ಅಂದರೆ 94 ಸೆಂಟಿಮೀಟರ್! ಪ್ಯಾಂಟನ್ನು ನಾವು ಹೊಟ್ಟೆಯ ಕೆಳಗೆ ಕಟ್ಟುವುದರಿಂದ ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇನ್ನೂ ಸುಲಭದ ಲೆಕ್ಕ ಇದೆ, ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಅಂತ. ನನ್ನ ಎತ್ತರದ ಅರ್ಧ ಅಂದರೆ 84.

ಆ್ಯಪಿನ ಕಾಟ ಬೇರೆ. ದಿನಾ '10,000 ಹೆಜ್ಜೆ ಆಗಿಲ್ಲ' ಅಂತ ಗೊಣಗುತ್ತದೆ. ಆ ಸಂಖ್ಯೆ ಹುಟ್ಟಿದ್ದೇ 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು. ನಡೆಯೋಣ ಅಂದರೆ ನಮ್ಮ ಬಡಾವಣೆಯ ಫುಟ್‌ಪಾತ್ ಮೇಲೆ ಬೈಕು ನಿಂತಿರುತ್ತವೆ, ಅದನ್ನು ಯಾವ ಆ್ಯಪೂ ಕೇಳುವುದಿಲ್ಲ. ಎರಡನೇ ವಾರದಿಂದ 'ಡಯಟ್' ಬಿಸ್ಕತ್ತು, ಶೇಕ್ ಪುಡಿಯ ಜಾಹೀರಾತು ಶುರುವಾಯಿತು. ಅಮೆರಿಕದಲ್ಲಿ ಕೆವಿನ್ ಹಾಲ್ ಅನ್ನುವ ಸಂಶೋಧಕರ ತಂಡ 20 ಜನರನ್ನು ಒಂದೇ ಕಡೆ ಇರಿಸಿ, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿಂಡಿ, ಎರಡು ವಾರ ಸಾದಾ ಅಡುಗೆ ಬೇಕಾದಷ್ಟು ತಿನ್ನಿ ಅಂತ ಬಿಟ್ಟಿತ್ತು. 2019ರ ವರದಿ ಅದು. ಬಡಿಸಿದ ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಒಂದೇ ಲೆಕ್ಕ. ಆದರೂ ಕಾರ್ಖಾನೆಯ ತಿಂಡಿ ಇದ್ದಾಗ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು, ಎರಡೇ ವಾರಕ್ಕೆ ಹೆಚ್ಚುಕಡಿಮೆ 1 ಕೆಜಿ ಏರಿದರು. ತೂಕ ನೋಡುವ ಮಷೀನಿನ ಆ್ಯಪು ಅಂಥದ್ದೇ ಪ್ಯಾಕೆಟ್ಟು ಮಾರುತ್ತದೆ ನೋಡಿ!

ತೂಕಕ್ಕೆ ನಾಲ್ಕು ಸ್ಟಾರ್, ಉಳಿದ 12 ಸಂಖ್ಯೆಗೆ ಒಂದು. ಬರೀ ತೂಕ ನೋಡಬೇಕಿದ್ದರೆ ಇದರ ಅರ್ಧ ಬೆಲೆಗೂ ಕಡಿಮೆಗೆ ಸಾದಾ ಡಿಜಿಟಲ್ ಮಷೀನು ಸಿಗುತ್ತದೆ, ಅದೇ ಸಾಕು. ಆ್ಯಪ್ ತೆಗೆದುಹಾಕಿದ್ದೇನೆ. ಟೇಪು ಬಚ್ಚಲುಮನೆ ಬಾಗಿಲಿನ ಮೊಳೆಗೆ ನೇತಾಡುತ್ತಿದೆ, ಮೊನ್ನೆ ಭಾನುವಾರ 92 ಇತ್ತು.